ನಮ್ಮ ಕೆರೆಗೆ ಯಾವ ಕಯಾಕ್? ತಗೊಳ್ಳೋ ಮುಂಚೆ ಇದನ್ನ ಓದಿ

1/9

ಫೋಟೋ: ಬೆಳಗ್ಗೆ ಆರೂವರೆಗೆ ಏರಿ ಮೇಲಿಂದ ತೆಗೆದದ್ದು. ನೀರಿನ ಮಧ್ಯೆ ಕಪ್ಪು ಕಡ್ಡಿ ಥರ ಕಾಣ್ತಿರೋದು ಒಣಗಿದ ಜಾಲಿಮರದ ತುದಿಗಳು. ಅವನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ವಾರದಿಂದ ಇದೇ ಮಾತು. ಕಾಲೇಜು ಮುಗಿಸಿ ನರಸಾಪುರದ ಫ್ಯಾಕ್ಟರಿಗೆ ಸೇರಿರೋ ನಮ್ಮ ಸೀನಿಯರ್ ಒಬ್ಬರು ಮೀನು ಹಿಡಿಯೋಕೆ ಅಂತ ಕಯಾಕ್ ತಗೋತಿದ್ದಾರೆ. ದಿನಕ್ಕೆ ಮೂರು ಲಿಂಕ್ ಕಳಿಸ್ತಾರೆ. ಒಂದಿನ ಗಾಳಿ ತುಂಬೋದು, ಒಂದಿನ ಪೆಡಲ್ ತುಳಿಯೋದು, ಇನ್ನೊಂದಿನ ಕೂತ್ಕೊಳ್ಳೋಕೆ ಸಿಂಹಾಸನದಂಥ ಸೀಟಿರೋದು. ಕೆಳಗೆ ನಾವೆಲ್ಲ ಬೆಂಕಿ ಎಮೋಜಿ ಹಾಕ್ತೀವಿ. ಯಾರೂ ಒಂದು ಪ್ರಶ್ನೆ ಕೇಳಲ್ಲ: ಅಣ್ಣ, ಇದನ್ನ ಯಾವ ಕೆರೆಗೆ ಇಳಿಸ್ತೀರ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಯಾಕ್ ತಗೊಳ್ಳೋದು ತಪ್ಪಲ್ಲ. ಶಿವಾರಪಟ್ಟಣದ ಹುಡುಗರಿಗೆ ಇದೆಲ್ಲ ಯಾಕೆ ಅನ್ನೋರ ಮಾತು ನಾನು ಒಪ್ಪಲ್ಲ. ಆದ್ರೆ ರೀಲ್ ನೋಡಿ ಆರಿಸೋದು ತಪ್ಪು. ಆ ರೀಲ್‌ಗಳಲ್ಲಿರೋದು ಅಮೆರಿಕದ ತಿಳಿನೀರಿನ ಸರೋವರ ಇಲ್ಲಾಂದ್ರೆ ಸಮುದ್ರದ ದಂಡೆ. ನಮ್ಮದು ಕೋಲಾರ ಜಿಲ್ಲೆಯ ಕೆರೆ. ಅದಕ್ಕೆ ಅದರದೇ ಗುಣ ಇದೆ, ಅದರದೇ ಅಪಾಯನೂ ಇದೆ.

ಇನ್ನೊಂದು ಮಾತು. ಎಲ್ಲ ಚೆನ್ನಾಗಿರೋ ದಿನ ನೋಡಿ ಕಯಾಕ್ ಆರಿಸಬಾರದು. ಮಗುಚಿ ಬಿದ್ದ ಆ ಒಂದು ನಿಮಿಷ ಇರುತ್ತಲ್ಲ, ಅದನ್ನ ಯೋಚನೆ ಮಾಡಿ ಆರಿಸಬೇಕು. ಯಾಕೆ ಹೀಗೆ ಹೇಳ್ತಿದೀನಿ ಅಂತ ಏಳನೇ ಕ್ಯಾಪ್ಷನ್‌ನಲ್ಲಿ ಬರುತ್ತೆ.

ಒಂಬತ್ತು ಫೋಟೋ, ಒಂಬತ್ತು ಕ್ಯಾಪ್ಷನ್. ಪೂರ್ತಿ ಓದೋಕೆ ಟೈಮ್ ಇಲ್ಲ ಅನ್ನೋರು 7 ಮತ್ತು 8 ಆದ್ರೂ ಓದಿ.

2/9

ಫೋಟೋ: ನೀರು ಇಳಿದಾಗ ಕಾಣೋ ಕೆರೆಯಂಗಳ. ಆ ಗುಂಡಿ ಪಕ್ಕದಲ್ಲಿ ನಿಂತಿರೋದು ನನ್ನ ಕಸಿನ್, ಆಳ ಗೊತ್ತಾಗಲಿ ಅಂತ.

ಮೊದಲು ಕೆರೆನ ಅರ್ಥ ಮಾಡ್ಕೊಳ್ಳಿ. ವರ್ಷವಿಡೀ ಹರಿಯೋ ನದಿ ನಮ್ಮ ಜಿಲ್ಲೆಗೆ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ಎಲ್ಲ ಮಳೆ ನಂಬಿರೋ ಹೊಳೆಗಳೇ. ಅದಕ್ಕೇ ಹಿಂದಿನೋರು ಒಂದರ ಕೆಳಗೊಂದು ಅಂತ ಸಾವಿರಾರು ಕೆರೆ ಕಟ್ಟಿದ್ರು. ಮೇಲಿನ ಕೆರೆ ಕೋಡಿ ಬಿದ್ರೆ ಕೆಳಗಿನ ಕೆರೆಗೆ ನೀರು. ನಾವು ಹುಟ್ಟೋ ಹೊತ್ತಿಗೆ ಅವುಗಳಲ್ಲಿ ಎಷ್ಟೋ ಕೆರೆ ಒಣಗಿ ಜಾಲಿ ಕಾಡಾಗಿದ್ವು. ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿದ್ದು ನಿಮಗೂ ನೆನಪಿರಬೇಕು.

ಆಮೇಲೆ ಎರಡು ಸಂಗತಿ ಆಯ್ತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಒಂದೊಂದಾಗಿ ಬೇರೆ ಕೆರೆಗಳಿಗೆ ಹೋಯ್ತು. ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆ ಅನ್ನೋದು ಯೋಜನೆಯ ಲೆಕ್ಕ. ಇನ್ನೊಂದು, 2021ರ ನವೆಂಬರ್ ಮಳೆ. ವರ್ಷಾನುಗಟ್ಟಲೆ ತುಂಬದೇ ಇದ್ದ ಕೆರೆಗಳು ಕೋಡಿ ಹೋದ್ವು, ಜನ ಬಾಗಿನ ಬಿಟ್ರು.

ನೀರು ಬಂತು, ಮೀನೂ ಬಂತು. ಆದ್ರೆ ಕೆರೆಯೊಳಗೆ ಏನಿತ್ತೋ ಅದೆಲ್ಲ ನೀರಿನ ಕೆಳಗೆ ಹಾಗೇ ಉಳೀತು. ಜಾಲಿಮರ ಹಾಗೇ ನಿಂತಿದಾವೆ. ನಮ್ಮ ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರುವಾಸಿ ಅಲ್ವಾ, ಅದಕ್ಕೆ ಮಣ್ಣು ತೆಗೆದ ಗುಂಡಿಗಳೂ ಹಾಗೇ ಇದಾವೆ. ಮೇಲಿಂದ ನೋಡಿದ್ರೆ ಮೊಣಕಾಲುದ್ದ ನೀರು. ಎರಡು ಹೆಜ್ಜೆ ಮುಂದೆ ಇಟ್ರೆ ಎರಡಾಳುದ್ದ, ಕೆಳಗೆ ಕಾಲು ಹಿಡಿಯೋ ಕೆಸರು.

ಅದಕ್ಕೇ ಹೇಳೋದು, ಕಯಾಕ್ ನೋಡೋಕೆ ಮುಂಚೆ ಬೇಸಿಗೆಯಲ್ಲಿ ಒಂದ್ಸಲ ಕೆರೆ ಅಂಗಳ ನಡೆದು ನೋಡಿ. ಗುಂಡಿ ಎಲ್ಲಿದೆ, ಮರ ಎಲ್ಲಿದೆ, ತೂಬು ಎಲ್ಲಿದೆ ಅಂತ ಫೋನಲ್ಲಿ ಗುರುತು ಹಾಕ್ಕೊಳ್ಳಿ. ಕೆರೆ ತುಂಬಿದ್ರೆ ಊರಲ್ಲಿ ವಯಸ್ಸಾದೋರನ್ನ ಕೇಳಿ. ನಮ್ಮಜ್ಜಿಗೆ ಕಯಾಕ್ ಅಂದ್ರೆ ಗೊತ್ತಿಲ್ಲ, ಆದ್ರೆ ಕೆರೆಯಲ್ಲಿ ಮಣ್ಣು ತೆಗೆದಿರೋ ಜಾಗ ಒಂದೊಂದೂ ಗೊತ್ತು.

3/9

ಫೋಟೋ: ನಮ್ಮ ಬೀದಿಯಲ್ಲಿ ಅರ್ಧ ಆಗಿರೋ ವಿಗ್ರಹ. ಕಲ್ಲಿನ ಮೇಲೆ ಎಳೆದಿರೋ ಕೆಂಪು ಗೆರೆ ನೋಡಿ.

ಕಯಾಕ್ ಕಂಪನಿಗಳು ಕಂಡುಹಿಡಿದ ವಸ್ತು ಅಲ್ಲ. ಉತ್ತರ ಧ್ರುವದ ಹತ್ರ ಇರೋ ಇನ್ಯೂಟ್ ಮತ್ತು ಅಲ್ಯೂಟ್ ಜನ ಬೇಟೆಗೆ ಅಂತ ಮಾಡ್ಕೊಂಡ ದೋಣಿ ಅದು. ಆ ಕಡೆ ಮರ ಬೆಳೆಯಲ್ಲ. ಸಮುದ್ರದಲ್ಲಿ ತೇಲಿ ಬಂದ ಕಟ್ಟಿಗೆ, ತಿಮಿಂಗಿಲದ ಮೂಳೆಯಿಂದ ಚೌಕಟ್ಟು ಮಾಡಿ ಮೇಲೆ ಸೀಲ್ ಪ್ರಾಣಿಯ ಚರ್ಮ ಹೊಲೀತಿದ್ರು. ನನಗೆ ತುಂಬಾ ಇಷ್ಟ ಆಗಿದ್ದು ಅವರ ಅಳತೆ. ಯಾರು ಕೂರ್ತಾರೋ ಅವರ ಮೈ ಅಳತೆಗೇ ದೋಣಿ. ಉದ್ದಕ್ಕೆ ಅವರ ಚಾಚಿದ ತೋಳುಗಳ ಲೆಕ್ಕ, ಕೂರೋ ಜಾಗಕ್ಕೆ ಅವರ ಸೊಂಟದ ಅಗಲದ ಲೆಕ್ಕ. ಒಬ್ಬರ ಕಯಾಕ್ ಇನ್ನೊಬ್ಬರಿಗೆ ಸರಿಹೋಗ್ತಿರಲಿಲ್ಲ.

ನಮ್ಮೂರೋರಿಗೆ ಇದು ಹೊಸದೇನಲ್ಲ. ನಮ್ಮ ಶಿಲ್ಪಿಗಳು ಕಲ್ಲನ್ನ ತಟ್ಟಿ ನಾದ ಕೇಳದೆ ಕೆಲಸ ಶುರು ಮಾಡಲ್ಲ. ತಾಳಮಾನದ ಗೆರೆ ಎಳೀದೆ ಉಳಿ ಇಡಲ್ಲ. ಗರ್ಭಗುಡಿ ಎಷ್ಟಿದೆ, ಪೀಠ ಎಷ್ಟಿದೆ ಅಂತ ಕೇಳದೆ ಮೂರ್ತಿಯ ಎತ್ತರ ಹೇಳಲ್ಲ. ಅಂಥ ಊರಲ್ಲಿ ಹುಟ್ಟಿ, ನಮ್ಮ ತೂಕ ಎಷ್ಟು, ನಮ್ಮ ಕೆರೆ ಎಂಥದ್ದು ಅಂತ ನೋಡದೆ ದುಡ್ಡು ಹಾಕೋದು ಸರೀನಾ?

ಈಗ ಸಿಗೋ ಕಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ದೋಣಿಯ ಹೊಟ್ಟೆಯೊಳಗೆ ಕಾಲು ಚಾಚಿ ಕೂರಬೇಕು. ಇನ್ನೊಂದರಲ್ಲಿ ಮೇಲೇ ಕೂರೋದು, ಅದನ್ನ ಸಿಟ್-ಆನ್-ಟಾಪ್ ಅಂತಾರೆ. ಒಳಗೆ ಕೂರೋದು ಚಳಿ ದೇಶಕ್ಕೆ ಸರಿ, ಕಾಲು ಬೆಚ್ಚಗಿರುತ್ತೆ. ಆದ್ರೆ ಮಗುಚಿದ್ರೆ ಒಳಗೆಲ್ಲ ನೀರು ತುಂಬುತ್ತೆ. ಆ ನೀರು ಖಾಲಿ ಮಾಡದೆ ಮತ್ತೆ ಹತ್ತೋಕೆ ಆಗಲ್ಲ, ಕೆರೆ ಮಧ್ಯದಲ್ಲಿ ಒಬ್ಬರೇ ಇದ್ರೆ ಅದು ಆಗೋ ಕೆಲಸ ಅಲ್ಲ. ಮೇಲೆ ಕೂರೋದರಲ್ಲಿ ತಳದಿಂದ ಮೇಲಿನವರೆಗೆ ಹಾದುಹೋಗೋ ತೂತುಗಳಿರ್ತವೆ, ಒಳಗೆ ಬಿದ್ದ ನೀರು ತಾನೇ ಇಳಿದುಹೋಗುತ್ತೆ. ಬಿದ್ರೂ ಪಕ್ಕದಿಂದ ಹೊಟ್ಟೆ ಮೇಲೆ ಹತ್ಕೋಬಹುದು.

ಗಾಳ ಹಾಕೋ ನಮ್ಮಂಥೋರಿಗೆ, ಅದರಲ್ಲೂ ಹೊಸಬರಿಗೆ, ಮೇಲೆ ಕೂರೋದೇ ಸರಿ. ಇದರಲ್ಲಿ ನನಗೆ ಅನುಮಾನ ಇಲ್ಲ.

4/9

ಫೋಟೋ: ಒಂದು ಜಾಲಿಮುಳ್ಳು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ. ಮುಳ್ಳು ಎಷ್ಟುದ್ದ ಅಂತ ನೀವೇ ನೋಡಿ.

ಗಾಳಿ ತುಂಬೋ ಕಯಾಕ್ ಬಗ್ಗೆ ಬೈಯೋ ಮುಂಚೆ ಅದರ ಒಳ್ಳೇದು ಹೇಳಿಬಿಡ್ತೀನಿ. ಮಡಚಿ ಬ್ಯಾಗಿಗೆ ಹಾಕಿ ಬೈಕ್ ಹಿಂದೆ ಕಟ್ಕೊಂಡು ಹೋಗಬಹುದು. ಮನೇಲಿ ಮಂಚದ ಕೆಳಗೆ ಇಡಬಹುದು. ಬೆಲೆ ಕಮ್ಮಿ. ಒಳ್ಳೇ ಕಂಪನಿದಾದ್ರೆ ಎರಡು ಮೂರು ಬೇರೆ ಬೇರೆ ಗಾಳಿಕೋಣೆ ಇರುತ್ತೆ, ಒಂದು ಹೋದ್ರೂ ಉಳಿದದ್ದು ತೇಲಿಸುತ್ತೆ. ತಿಳಿನೀರಿನ ಅಣೆಕಟ್ಟೆ ಹಿನ್ನೀರಲ್ಲಿ, ಮರಳು ದಂಡೆಯಲ್ಲಿ ಅದು ಒಳ್ಳೇ ವಸ್ತುವೇ.

ಈಗ ಮೊದಲನೇ ಫೋಟೋಗೆ ವಾಪಸ್ ಹೋಗಿ. ಆ ಕಪ್ಪು ತುದಿಗಳು ಕಣ್ಣಿಗೆ ಕಾಣೋ ಮರಗಳದ್ದು. ಅರ್ಧ ಅಡಿ ಕೆಳಗೆ ನಿಂತಿರೋದು ಕಾಣಲ್ಲ. ಜಾಲಿ ಒಣಗಿದ್ರೂ ಮುಳ್ಳು ಮೆತ್ತಗಾಗಲ್ಲ. ಸೈಕಲ್ ಟ್ಯೂಬ್ ಎಷ್ಟು ಸಲ ಪಂಕ್ಚರ್ ಹಾಕಿಸಿದೀವಿ ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಆ ಮುಳ್ಳಿನ ಮೇಲೆ ಗಾಳಿ ತುಂಬಿದ ದೋಣಿ ಓಡಿಸ್ತೀವಿ ಅನ್ನೋದು ಧೈರ್ಯ ಅಲ್ಲ. ಮೀನಿನ ಬೆನ್ನಿನ ಮುಳ್ಳು, ಗಾಳದ ಕೊಕ್ಕೆ, ಚಾಕು ಇವೆಲ್ಲ ಬೇರೆ, ಅವು ದೋಣಿಯ ಒಳಗೇ ಇರ್ತವೆ.

ಹಾಗಾದ್ರೆ ಗಟ್ಟಿ ಪ್ಲಾಸ್ಟಿಕ್. ಪಾಲಿಎಥಿಲೀನ್‌ನಿಂದ ಅಚ್ಚು ಹಾಕಿ ಮಾಡಿರೋದು, ನಮ್ಮ ಮನೆ ಮೇಲಿನ ನೀರಿನ ಟ್ಯಾಂಕ್ ಮಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ವಿಧಾನ. ಕಲ್ಲಿಗೆ ತಗಲಿದ್ರೆ ಗೀರು ಬೀಳುತ್ತೆ ಅಷ್ಟೇ. ಫೈಬರ್‌ನದು ಹಗುರ, ಜೋರಾಗಿ ಹೋಗುತ್ತೆ, ಆದ್ರೆ ಬಂಡೆಗೆ ಬಡಿದ್ರೆ ಬಿರುಕು ಬಿಡುತ್ತೆ. ನಮ್ಮ ಕಡೆ ಕೆರೆಯೊಳಗೆ ಬಂಡೆಗೇನೂ ಕೊರತೆ ಇಲ್ಲ.

ಪ್ಲಾಸ್ಟಿಕ್‌ಗೆ ವೈರಿ ಬಿಸಿಲು. ತಿಂಗಳುಗಟ್ಟಲೆ ಬಯಲಲ್ಲಿ ಬಿಟ್ರೆ ಬಣ್ಣ ಹೋಗುತ್ತೆ, ಪೆಡಸಾಗುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ತಳ ತಿರುಗಿಸಿ ನೋಡಿ. ಸೀಟಿನ ಕೆಳಗೆ, ನೀರಿಳಿಯೋ ತೂತುಗಳ ಸುತ್ತ ಕೂದಲೆಳೆಯಷ್ಟು ಬಿರುಕು ಇದ್ರೂ ಬೇಡ. ಒಳಗೆ ಒಂದು ಬಕೆಟ್ ನೀರು ಸುರಿದು ಕೆಳಗಿಂದ ಸೋರುತ್ತಾ ನೋಡಿ.

ಬಣ್ಣ? ಹಳದಿ ಇಲ್ಲಾ ಕಿತ್ತಳೆ. ಕಾಡಿನ ಹಸಿರು ಬಣ್ಣದ್ದು ಫೋಟೋದಲ್ಲಿ ಚೆಂದ, ಆದ್ರೆ ಹುಡುಕೋ ಪರಿಸ್ಥಿತಿ ಬಂದ್ರೆ ಯಾರಿಗೂ ಕಾಣಲ್ಲ.

5/9

ಫೋಟೋ: ನನ್ನ ನೋಟ್‌ಬುಕ್ಕಿನ ಲೆಕ್ಕ. ಅಕ್ಷರ ನೋಡಿ ನಗಬೇಡಿ.

ಇಲ್ಲಿ ಸ್ವಲ್ಪ ಲೆಕ್ಕ. ಭಯ ಬೀಳಬೇಡಿ, ಹೈಸ್ಕೂಲ್ ಗಣಿತವೇ.

ಉದ್ದ: ಉದ್ದ ಇದ್ದಷ್ಟೂ ನೇರ ಹೋಗುತ್ತೆ, ಬೇಗ ಹೋಗುತ್ತೆ. ಗಿಡ್ಡ ಇದ್ದಷ್ಟೂ ಬೇಗ ತಿರುಗುತ್ತೆ. 12 ಅಡಿ ಮೇಲಿನದು ಸಮುದ್ರ, ದೊಡ್ಡ ಹಿನ್ನೀರಿಗೆ. ಮರಗಳ ಮಧ್ಯೆ, ಜೊಂಡಿನ ಮಧ್ಯೆ ತಿರುಗಬೇಕಾದ ನಮ್ಮ ಕೆರೆಗೆ 9ರಿಂದ 10 ಅಡಿ ಸಾಕು.

ಅಗಲ: ಗಾಳ ಹಾಕೋರು ಒಂದೇ ಕಡೆ ಬಾಗ್ತಾರೆ, ಮೀನು ಎಳೀತಾ ಮೈಮರೀತಾರೆ. ಅದಕ್ಕೆ 30 ಇಂಚಿಗಿಂತ ಕಮ್ಮಿ ಬೇಡ. 33, 34 ಇಂಚು ಇದ್ರೆ ನಿಶ್ಚಿಂತೆ. ಅಗಲ ಹೆಚ್ಚಾದ್ರೆ ನಿಧಾನ ಆಗುತ್ತೆ, ಆಗಲಿ. ಕೆರೆಯಲ್ಲಿ ನಾವೇನು ಬಸ್ ಹಿಡೀಬೇಕಾ?

ತೂಕ ಹೊರೋ ಶಕ್ತಿ: ಇಲ್ಲೇ ತುಂಬಾ ಜನ ಮೋಸ ಹೋಗೋದು. 130 ಕೆಜಿ ಅಂತ ಬರೆದಿದ್ರೆ ಅಷ್ಟು ಹೊತ್ತರೂ ಮುಳುಗಲ್ಲ ಅಂತ ಅರ್ಥ, ಆರಾಮಾಗಿ ಹೋಗುತ್ತೆ ಅಂತ ಅಲ್ಲ. ಅದರ 70 ಭಾಗಕ್ಕೆ ನಿಲ್ಲಿಸಿ, ಅಂದ್ರೆ 91 ಕೆಜಿ. ಈಗ ಕೂಡಿ: ನೀವು 68, ಜಾಕೆಟ್, ಗಾಳ, ನೀರಿನ ಬಾಟಲಿ, ಡಬ್ಬಿ ಎಲ್ಲ ಸೇರಿ 10, ಸಿಕ್ಕ ಮೀನು 5. ಒಟ್ಟು 83, ಸರಿಹೋಯ್ತು. ನೀವು 82 ಕೆಜಿ ಇದ್ರೆ 97 ಆಯ್ತು, ಆ ಕಯಾಕ್ ನಿಮ್ಮದಲ್ಲ. ಇದರಲ್ಲಿ ನಾಚಿಕೆ ಪಡೋದೇನಿಲ್ಲ, ಚಪ್ಪಲಿ ನಂಬರ್ ಇದ್ದ ಹಾಗೆ.

ದೋಣಿಯದೇ ತೂಕ: 10 ಅಡಿಯ ಗಟ್ಟಿ ಕಯಾಕ್ ಸಾಮಾನ್ಯವಾಗಿ 25ರಿಂದ 30 ಕೆಜಿ ಬರುತ್ತೆ. ಒಂದು ಮೂಟೆ ಸಿಮೆಂಟ್ 50 ಕೆಜಿ, ಅದಕ್ಕಿಂತ ಕಮ್ಮಿ ಅಂತೀರ. ಆದ್ರೆ ಮೂಟೆ ಮೂರು ಮೀಟರ್ ಉದ್ದ ಇರಲ್ಲ. ಬೈಕಲ್ಲಿ ಆಗೋ ಮಾತಲ್ಲ. ಟಾಟಾ ಏಸ್ ಹಿಂದೆ ಹಾಕಿದ್ರೂ ಮೂರಡಿ ಹೊರಗೆ ಚಾಚುತ್ತೆ, ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಪ್ರತಿ ಭಾನುವಾರ ಗಾಡಿ ಬಾಡಿಗೆ ಎಷ್ಟಾಗುತ್ತೆ ಅಂತ ಕಯಾಕ್ ಬೆಲೆ ಪಕ್ಕದಲ್ಲೇ ಬರೆದಿಡಿ. ಏರಿ ಪಕ್ಕದ ತೋಟದಲ್ಲಿ ಯಾರಾದ್ರೂ ಪಂಪ್‌ಹೌಸಲ್ಲಿ ಇಡೋಕೆ ಜಾಗ ಕೊಟ್ರೆ ಅರ್ಧ ಸಮಸ್ಯೆ ಮುಗೀತು.

6/9

ಫೋಟೋ: ಮೀನು ಹಿಡಿಯೋ ಅಣ್ಣನ ಹರಿಗೋಲು, ದಡದಲ್ಲಿ ಬೋರಲು ಹಾಕಿರೋದು. ಕೇಳಿಯೇ ತೆಗೆದಿದ್ದು.

ಪೆಡಲ್ ಬೇಕಾ, ಹುಟ್ಟು ಸಾಕಾ? ಪೆಡಲ್ ಇದ್ರೆ ಕೈ ಖಾಲಿ, ಗಾಳ ಹಿಡಿದೇ ಮುಂದೆ ಹೋಗಬಹುದು. ಆಸೆ ಆಗೋದು ಸಹಜ. ಆದ್ರೆ ಪೆಡಲ್ ತುಳಿದ್ರೆ ತಿರುಗೋ ರೆಕ್ಕೆ ದೋಣಿಯ ಕೆಳಗೆ ಇಳಿದಿರುತ್ತೆ. ನಮ್ಮ ಕೆರೆಯಲ್ಲಿ ಕಳೆ, ಕೊಂಬೆ, ಯಾರದೋ ಬಲೆ, ಇಷ್ಟೂ ಅದಕ್ಕೇ ಸುತ್ಕೊಳ್ಳೋದು. ಬೆಲೆನೂ ಹಾಗೇ. ಗಟ್ಟಿ ಕಯಾಕ್ ಹಳೇ ಬೈಕಿನ ಬೆಲೆಗೆ ಬಂದ್ರೆ, ಪೆಡಲ್ ಇರೋದು ಹೊಸ ಬೈಕಿನ ಬೆಲೆಗೆ ಹೋಗುತ್ತೆ. ಎರಡು ಕಡೆ ಅಲಗಿರೋ ಸಾದಾ ಹುಟ್ಟು ಸಾಕು. ಕೈ ಜಾರಿದ್ರೆ ತೇಲಿ ಹೋಗದ ಹಾಗೆ ಅದಕ್ಕೊಂದು ದಾರ ಕಟ್ಟಿ.

ಗ್ರೂಪಲ್ಲಿ ಒಬ್ಬರು ಕೇಳಿದ್ರು, ಇಷ್ಟೆಲ್ಲ ಯಾಕೆ, ಹರಿಗೋಲೇ ತಗೊಂಡ್ರೆ ಆಗಲ್ವಾ? ಒಳ್ಳೇ ಪ್ರಶ್ನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂಥ ಈ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಹೊರಗೆ ಚರ್ಮ, ಒಂದರಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದ್ರೆ ಕುದುರೆ ಎತ್ತುಗಳನ್ನೂ ದಾಟಿಸ್ತಿದ್ರಂತೆ. ಐನೂರು ವರ್ಷ ಆದ್ಮೇಲೂ ಅದು ಉಳಿದಿದೆ ಅಂದ್ರೆ ಸುಮ್ನೆ ಅಲ್ಲ. ಗೇಣುದ್ದ ನೀರಲ್ಲೂ ತೇಲುತ್ತೆ, ಭಾರ ಹೊರುತ್ತೆ, ರಿಪೇರಿ ಊರಲ್ಲೇ ಆಗುತ್ತೆ. ಬಲೆ ಬಿಡೋರಿಗೆ, ಇಬ್ಬರು ಸೇರಿ ಕೆಲಸ ಮಾಡೋರಿಗೆ ಅದೇ ಸರಿ. ಕಯಾಕ್ ಅದರ ಜಾಗಕ್ಕೆ ಬರೋಕೆ ಆಗಲ್ಲ.

ಆದ್ರೆ ಒಬ್ಬರೇ ಗಾಳಿಗೆ ಎದುರಾಗಿ ಬರಬೇಕಾದ್ರೆ ಹರಿಗೋಲು ಅಭ್ಯಾಸ ಇಲ್ಲದೋರನ್ನ ನಿಂತಲ್ಲೇ ಸುತ್ತಿಸುತ್ತೆ. ಕಯಾಕ್ ಚೂಪಾಗಿರೋದ್ರಿಂದ ಗಾಳಿ ಸೀಳ್ಕೊಂಡು ನೇರ ಬರುತ್ತೆ. ಗಾಳ ಹಾಕೋ ಒಬ್ಬಂಟಿಗೆ ಅದರ ಲಾಭ ಇದೇ.

ಆಷಾಢದ ಗಾಳಿ ನಮ್ಮ ಕಡೆ ಹೇಗಿರುತ್ತೆ ಅಂತ ಗೊತ್ತಲ್ಲ. ಒಂದು ಸೂತ್ರ ಇಟ್ಕೊಳ್ಳಿ: ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಲಿ. ಉಲ್ಟಾ ಮಾಡಿದ್ರೆ ಸುಸ್ತಾದ ಕೈಯಲ್ಲಿ ಎದುರುಗಾಳಿ ಸಿಗುತ್ತೆ. ಲಂಗರಿಗೆ ಕಬ್ಬಿಣ ಬೇಡ, ನಮ್ಮೂರಲ್ಲಿ ಕಲ್ಲಿಗೇನು ಬರ? ಆದ್ರೆ ಹಗ್ಗನ ದೋಣಿಯ ಮೂತಿಗೆ ಇಲ್ಲಾ ಬಾಲಕ್ಕೆ ಕಟ್ಟಿ, ಪಕ್ಕಕ್ಕೆ ಕಟ್ಟಬೇಡಿ. ಪಕ್ಕಕ್ಕೆ ಕಟ್ಟಿದ್ರೆ ಗಾಳಿ ಬೀಸಿದಾಗ ಅದೇ ಹಗ್ಗ ನಿಮ್ಮನ್ನ ಮಗುಚುತ್ತೆ. ಎಳೆದ ತಕ್ಷಣ ಬಿಚ್ಚೋ ಗಂಟೇ ಹಾಕಿ.

7/9

ಫೋಟೋ: ಅರ್ಧ ಮುರಿದ ಥರ್ಮಾಕೋಲ್ ಹಲಗೆ. ಇನ್ನರ್ಧ ಸಿಗಲಿಲ್ಲ.

ಇದನ್ನ ಹೇಳೋಕೆ ಇಷ್ಟ ಇರಲಿಲ್ಲ. ಕಸಿನ್‌ನ ಕೇಳಿ ಬರೀತಿದೀನಿ.

ಎರಡನೇ ಫೋಟೋದಲ್ಲಿ ಗುಂಡಿ ಪಕ್ಕ ನಿಂತಿದ್ದನಲ್ಲ, ಅವನೇ. ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದ ವಾರ. ಪ್ಯಾಕಿಂಗ್‌ಗೆ ಬಂದ ಥರ್ಮಾಕೋಲ್ ಹಲಗೆಗಳನ್ನ ಹಗ್ಗದಲ್ಲಿ ಬಿಗಿದು ನಾವೇ ದೋಣಿ ಮಾಡ್ಕೊಂಡಿದ್ವಿ. ರಾಗಿಮುದ್ದೆ ಉಂಡೆ ಕಟ್ಟಿ ಗಾಳಕ್ಕೆ ಹಾಕಿದ್ರೆ ಜಿಲೇಬಿ ಮೀನು ದಡದಲ್ಲೇ ಸಿಗ್ತಿತ್ತು. ಅವನಿಗೆ ದೊಡ್ಡ ಕಾಟ್ಲಾನೇ ಬೇಕಿತ್ತು. ಒಬ್ಬನೇ ಮುಂದಕ್ಕೆ ಹೋದ. ಜಾಲಿಮರಕ್ಕೆ ತಗಲಿದ್ದಷ್ಟೇ, ಹಲಗೆ ಮಧ್ಯಕ್ಕೆ ಮುರೀತು. ಥರ್ಮಾಕೋಲ್ ಮುರಿದ್ರೆ ಹಿಡ್ಕೊಳ್ಳೋಕೆ ಅಂಚು ಇರಲ್ಲ, ಕೈಯಲ್ಲೇ ಪುಡಿಯಾಗುತ್ತೆ. ಅವನಿಗೆ ಈಜು ಬರ್ತಿತ್ತು. ಬಾವಿಯಲ್ಲಿ ಕಲಿತ ಈಜು. ಆದ್ರೆ ಪ್ಯಾಂಟು ಮುಳ್ಳಿಗೆ ಸಿಕ್ಕಿತ್ತು.

ದಡದಲ್ಲಿದ್ದ ನಾವು ಮೂವರೂ ಕೂಗಿದ್ವಿ ಅಷ್ಟೇ. ಮಾಡೋಕೆ ಏನೂ ಗೊತ್ತಾಗಲಿಲ್ಲ. ದನ ತೊಳೀತಿದ್ದ ಚಿಕ್ಕಪ್ಪ ದನದ ಹಗ್ಗ ಬಿಚ್ಕೊಂಡು ನೀರಿಗೆ ಇಳಿದ್ರು. ಅವನು ಉಳಿದ. ಅವತ್ತು ರಾತ್ರಿ ಯಾರೂ ಬೈಲಿಲ್ಲ. ಅದೇ ಹೆಚ್ಚು ಹೆದರಿಕೆ ಆಯ್ತು.

ಅದಕ್ಕೇ ನನ್ನ ಲಿಸ್ಟಲ್ಲಿ ಕಯಾಕ್ ಎರಡನೇದು. ಮೊದಲನೇದು ಜಾಕೆಟ್. ದುಡ್ಡು ಕೂಡಿಡ್ತಿದ್ರೆ ಮೊದಲ ತಿಂಗಳು ಅದನ್ನೇ ತಗೊಳ್ಳಿ. ಅದರ ಮೇಲೆ ಎಷ್ಟು ನ್ಯೂಟನ್ ಅಂತ ಬರೆದಿರುತ್ತೆ. 50 ಅಂದ್ರೆ ಈಜು ಚೆನ್ನಾಗಿ ಬರೋರಿಗೆ, ದಡದ ಹತ್ರಕ್ಕೆ. 100 ಅಥವಾ ಹೆಚ್ಚು ಇರೋದು ಈಜು ಅಷ್ಟಾಗಿ ಬರದೋರಿಗೂ ಆಗುತ್ತೆ. ಹಾಕ್ಕೊಂಡ ಮೇಲೆ ಗೆಳೆಯರಿಗೆ ಹೇಳಿ ಭುಜದ ಹತ್ರ ಹಿಡಿದು ಮೇಲಕ್ಕೆ ಎಳೆಸಿ. ಕಿವಿವರೆಗೆ ಬಂದ್ರೆ ಅದು ನಿಮ್ಮ ಅಳತೆ ಅಲ್ಲ. ಸೀಟಿನ ಹಿಂದೆ ಇಟ್ಟ ಜಾಕೆಟ್‌ನಿಂದ ಉಪಯೋಗ ಇಲ್ಲ, ಮೈ ಮೇಲೇ ಇರಬೇಕು. ಜಾಕೆಟ್ಟಿಗೆ ಒಂದು ಸೀಟಿ, ಒಂದು ಸಣ್ಣ ಚಾಕು. ಬಲೆ ಕಾಲಿಗೆ ಸುತ್ತಿದ್ರೆ ಚಾಕು ಬೇಕೇ ಬೇಕು.

ತಗೊಳ್ಳೋ ಮುಂಚೆ ಮಾರೋರಿಗೆ ಒಂದು ಮಾತು ಕೇಳಿ: ಸೊಂಟದುದ್ದ ನೀರಲ್ಲಿ ಬೇಕಂತಲೇ ಮಗುಚಿ ನೋಡ್ಬೋದಾ? ನೀರಲ್ಲಿ ಮಲಗಿದ ಹಾಗಾಗಿ ಕಾಲು ಬಡೀರಿ, ಹೊಟ್ಟೆ ಮೇಲೆ ಹತ್ತಿ, ತಿರುಗಿ ಕೂತ್ಕೊಳ್ಳಿ. ಮೂರು ಸಲ ಪ್ರಯತ್ನ ಮಾಡಿ. ಆಗಲಿಲ್ಲ ಅಂದ್ರೆ ಆ ಕಯಾಕ್ ಎಷ್ಟೇ ಚೆನ್ನಾಗಿರಲಿ, ಬೇಡ.

8/9

ಫೋಟೋ: ಕೆರೆ ದಡದಲ್ಲಿ ಬಲೆ ಬಿಡಿಸ್ತಿರೋರು. ಮುಖ ಬರದ ಹಾಗೆ ತೆಗೆದಿದೀನಿ.

ಕೆರೆ ಎಲ್ಲರದ್ದು, ಸರಿ. ಮೀನು? ಕೆರೆಗಳ ಮೀನು ಪಾಶುವಾರು ಹಕ್ಕನ್ನ ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯ್ತಿಯೋ ಗುತ್ತಿಗೆಗೆ ಕೊಡುತ್ತೆ. ಗುತ್ತಿಗೆ ಹಿಡಿದೋರು ದುಡ್ಡು ಕಟ್ಟಿರ್ತಾರೆ, ಕಾಟ್ಲಾ, ರೋಹು, ಗೆಂಡೆ ಮರಿ ತಂದು ಬಿಟ್ಟಿರ್ತಾರೆ, ರಾತ್ರಿ ಕಾದಿರ್ತಾರೆ. ಏರಿ ಮೇಲೆ ಕೂತು ಗಾಳ ಹಾಕಿ ಎರಡು ಜಿಲೇಬಿ ಹಿಡಿದ್ರೆ ಎಷ್ಟೋ ಜನ ಸುಮ್ನೆ ಇರ್ತಾರೆ. ಕಯಾಕ್ ಇಳಿಸಿ ಅವರ ಬಲೆ ಪಕ್ಕಕ್ಕೇ ಹೋದ್ರೆ ಅದು ಬೇರೆ ಮಾತು. ಅವರಿಗೆ ಆ ಕೆರೆನೇ ಹೊಲ. ಬೆಳೆದ ಹೊಲದಲ್ಲಿ ನಾವು ಬೈಕ್ ಓಡಿಸ್ತೀವಾ?

ಹೋಗಿ ಕೇಳಿ. ನಾವು ಕೇಳಿದಾಗ ಬಂದ ಉತ್ತರ: "ಬಲೆ ಕಡೆ ಬರಬ್ಯಾಡ್ರಪ್ಪ, ದೊಡ್ಡದು ಸಿಕ್ರೆ ತೋರಿಸಿ ದುಡ್ಡು ಕೊಟ್ಟೋಗಿ, ಸಣ್ಣದು ಬಿಟ್ಬಿಡಿ." ಇದಕ್ಕಿಂತ ನ್ಯಾಯ ಏನಿದೆ? ಜೊತೆಗೆ ಮರ ಎಲ್ಲಿದೆ, ಗುಂಡಿ ಎಲ್ಲಿದೆ ಅಂತ ಅವರೇ ಕೈ ತೋರಿಸಿ ಹೇಳಿದ್ರು. ಅನುಮತಿ ಕೇಳಿದ್ದಕ್ಕೆ ನಕ್ಷೆ ಪುಕ್ಕಟೆ.

ನೀರಿನ ಬಗ್ಗೆ. ಕೆ.ಸಿ. ವ್ಯಾಲಿ ನೀರು ಎರಡು ಹಂತ ಶುದ್ಧೀಕರಿಸಿದ್ದು. ಉದ್ದೇಶ ಅಂತರ್ಜಲ ಹೆಚ್ಚಿಸೋದು, ಕುಡಿಯೋದಲ್ಲ. 2018ರ ಜುಲೈನಲ್ಲೇ ಲಕ್ಷ್ಮೀಸಾಗರದಲ್ಲಿ ನೊರೆ ಕಂಡು ಹೈಕೋರ್ಟ್ ತಾತ್ಕಾಲಿಕವಾಗಿ ತಡೆ ಕೊಟ್ಟಿತ್ತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ನಮ್ಮ ಜಿಲ್ಲೆಯ ಹೋರಾಟಗಾರರು ಕೇಳ್ತಾನೇ ಬಂದಿದಾರೆ. ಬೋರ್‌ವೆಲ್‌ಗೆ ಜೀವ ಬಂತು ಅಂತ ಹೇಳೋ ರೈತರೂ ಇದಾರೆ. ಆ ಜಗಳ ಇಲ್ಲಿ ತೀರಿಸೋಕೆ ಆಗಲ್ಲ. ಆದ್ರೆ ಕಯಾಕಲ್ಲಿ ಕೂತ್ರೆ ಮೈ ಒದ್ದೆಯಾಗೇ ಆಗುತ್ತೆ. ಅಂಥ ಕೆರೆಗೆ ಗಾಯ ಇರೋ ಕಾಲಲ್ಲಿ ಇಳೀಬೇಡಿ, ಕೈ ಸೋಪಲ್ಲಿ ತೊಳೀದೆ ಬುತ್ತಿ ಬಿಚ್ಚಬೇಡಿ. ನೊರೆ, ಕೆಟ್ಟ ವಾಸನೆ ಇದ್ರೆ ವಾಪಸ್ ಬನ್ನಿ.

ಇನ್ನು ಮೂರು ಜಾಗಕ್ಕೆ ಯಾವ ಕಯಾಕೂ ಸರಿಯಿಲ್ಲ. ಒಂದು, ನೀರು ಬಿಡ್ತಿರೋ ತೂಬಿನ ಹತ್ರ. ಎರಡು, ಹರೀತಿರೋ ಕೋಡಿ. ಮೂರು, ಟೇಕಲ್ ಕಡೆಯ ಕಲ್ಲುಕ್ವಾರಿ ಹೊಂಡಗಳು. ಕ್ವಾರಿ ನೀರು ನೀಲಿಯಾಗಿ ಕಾಣುತ್ತೆ, ಫೋಟೋಗೆ ಚಿನ್ನ. ಆದ್ರೆ ಸುತ್ತ ಗೋಡೆ ಥರ ಕಡಿದ ಕಲ್ಲು, ಬಿದ್ರೆ ಹತ್ತೋಕೆ ದಡ ಅಂತಲೇ ಇರಲ್ಲ. ಲೈಕ್ ಕಮ್ಮಿ ಆದ್ರೂ ಪರವಾಗಿಲ್ಲ.

9/9

ಫೋಟೋ: ನಾಲ್ಕು ಜಾಕೆಟ್, ಒಂದು ಹುಟ್ಟು. ಕಯಾಕ್ ಇನ್ನೂ ಬಂದಿಲ್ಲ.

ಈಗ ಕೂಡಿಸಿ ಹೇಳ್ತೀನಿ. ನಮ್ಮ ಕೆರೆಗಳಿಗೆ, ಗಾಳ ಹಾಕೋ ಹೊಸಬರಿಗೆ ನನ್ನ ಆಯ್ಕೆ: ಮೇಲೆ ಕೂರೋ ಬಗೆ, ಗಟ್ಟಿ ಪ್ಲಾಸ್ಟಿಕ್, 9ರಿಂದ 10 ಅಡಿ, 33 ಇಂಚು ಆಸುಪಾಸಿನ ಅಗಲ, ನಿಮ್ಮ ಲೆಕ್ಕಕ್ಕೆ 70 ಭಾಗದಲ್ಲಿ ಮುಗಿಯೋ ಭಾರ, ಪೆಡಲ್ ಬೇಡ, ಬಣ್ಣ ಹಳದಿ. ಬಲೆ ಬಿಡೋರಾದ್ರೆ ಹರಿಗೋಲು. ವರ್ಷಕ್ಕೆರಡು ಸಲ ಪ್ರವಾಸ ಹೋಗಿ ತಿಳಿನೀರಲ್ಲಿ ತೇಲೋ ಆಸೆ ಮಾತ್ರ ಇದ್ರೆ ಗಾಳಿ ತುಂಬೋದು, ಇಲ್ಲಾಂದ್ರೆ ಅಲ್ಲೇ ಬಾಡಿಗೆಗೆ ತಗೊಳ್ಳಿ. ಏರಿ ಮೇಲೆ ಕೂತು ಎರೆಹುಳು ಹಾಕಿ ಸಂಜೆ ಕಳೆಯೋದೇ ನಿಮಗಿಷ್ಟ ಆದ್ರೆ ಏನೂ ಬೇಡ. ಒಳ್ಳೇ ಗಾಳದ ಕಡ್ಡಿ ಒಂದು ಸಾಕು. ಇದು ಸೋಲಲ್ಲ, ನಿಮಗೆ ಬೇಕಾದ್ದು ನಿಮಗೆ ಗೊತ್ತು ಅಂತ ಅರ್ಥ.

ಇನ್ನೊಂದು ವಾದ ಇದೆ, ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಒಬ್ಬೊಬ್ಬರೂ ಇಎಂಐ ಹಾಕಿ ಒಂದೊಂದು ತಗೊಳ್ಳೋದು ಬೇಡ. ನಾಲ್ಕು ಜನಕ್ಕೆ ಒಂದು ಸಾಕು. ದುಡ್ಡು ಉಳಿಯುತ್ತೆ ಅಂತ ಮಾತ್ರ ಅಲ್ಲ. ಒಂದೇ ಇದ್ರೆ ಒಬ್ಬರು ನೀರಲ್ಲಿ, ಮೂವರು ದಡದಲ್ಲಿ ಇರ್ತೀರ. ದಡದಲ್ಲಿರೋರ ಕೈಯಲ್ಲಿ ಹಗ್ಗ ಇರುತ್ತೆ, ಕಣ್ಣು ನೀರಿನ ಮೇಲಿರುತ್ತೆ. ಅವತ್ತು ಥರ್ಮಾಕೋಲ್ ದಿನ ನಾವು ಮೂವರು ಬರೀ ಕೂಗಿದ್ವಿ. ಈಗ ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ತುದಿಗೆ ಮುಚ್ಚಿದ ಖಾಲಿ ಐದು ಲೀಟರ್ ಕ್ಯಾನ್ ಕಟ್ಟಿ ಇಟ್ಟಿದೀವಿ. ಎಸೆಯೋದು ಅಭ್ಯಾಸ ಮಾಡಿದೀವಿ. ಕಸಿನ್ ಎಸೆದ್ರೆ ಹದಿನೈದು ಮೀಟರ್ ದಾಟುತ್ತೆ. ನಂದು ಇನ್ನೂ ಹತ್ತೇ.

ಸೀನಿಯರ್ ಅಣ್ಣನಿಗೆ ಇದನ್ನ ಪೋಸ್ಟ್ ಮಾಡೋ ಮುಂಚೆನೇ ಓದಿಸಿದೆ. "ಏನೋ, ನನ್ನ ಆಸೆಗೆ ಕಲ್ಲು ಹಾಕಿದೆಯಲ್ಲೋ" ಅಂದ್ರು. ಆಮೇಲೆ ಪೆಡಲ್ ಕಯಾಕ್ ಲಿಂಕ್ ಡಿಲೀಟ್ ಮಾಡಿ ಗ್ರೂಪಲ್ಲಿ ಒಂದೇ ಸಾಲು ಹಾಕಿದ್ರು: "ಭಾನುವಾರ ಕೆರೆ ಅಂಗಳ ನಡೆಯೋಕೆ ಯಾರ್ಯಾರು ಬರ್ತೀರ?"

ಬೆಳಗ್ಗೆ ಆರಕ್ಕೆ, ಬಿಸಿಲೇರೋ ಮುಂಚೆ. ಬರೋರು ಗಟ್ಟಿ ಚಪ್ಪಲಿ ಹಾಕ್ಕೊಂಡು ಬನ್ನಿ, ಜಾಲಿಮುಳ್ಳು. ನಿಮ್ಮೂರ ಕೆರೆ ಎಂಥದ್ದು, ಅಲ್ಲಿ ಯಾವ ದೋಣಿ ಓಡುತ್ತೆ, ಯಾವ ಜಾಗಕ್ಕೆ ಹೋಗಬೇಡ ಅಂತ ಮನೆಯೋರು ಹೇಳ್ತಿದ್ರು? ಕಾಮೆಂಟಲ್ಲಿ ಬರೀರಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯೋರೂ ಬರೀರಿ. ನಿಮ್ಮ ಕೆರೆಗಳು ನಮಗೆ ಗೊತ್ತಿಲ್ಲ, ನಿಮಗೆ ಗೊತ್ತು.

#ನಮ್ಮಕೆರೆ #ಶಿವಾರಪಟ್ಟಣ #ಮಾಲೂರು #ಕೋಲಾರ #ಗಾಳ #ಮೊದಲುಜಾಕೆಟ್